ಸದನಕ್ಕೆ ಬರುವ ಮೊದಲೇ ತೀರ್ಮಾನವಾಗುವ ಬಜೆಟ್

2023ರ ಮಾರ್ಚ್ 23ರಂದು ಲೋಕಸಭೆಯು ಸುಮಾರು 45 ಲಕ್ಷ ಕೋಟಿ ರೂಪಾಯಿ ವೆಚ್ಚದ ಕೇಂದ್ರ ಬಜೆಟ್‌ನ ಅನುದಾನ ಬೇಡಿಕೆಗಳಿಗೆ, ಅಂದರೆ ಇಲಾಖೆಗಳು ಖರ್ಚಿಗಾಗಿ ಕೇಳುವ ಹಣಕ್ಕೆ, ಚರ್ಚೆಯೇ ಇಲ್ಲದೆ, ಕೆಲವೇ ನಿಮಿಷಗಳಲ್ಲಿ, ಧ್ವನಿಮತದಿಂದ ಒಪ್ಪಿಗೆ ಕೊಟ್ಟಿತು. ಅದಾನಿ ಸಮೂಹದ ಮೇಲಿನ ಆರೋಪಗಳ ತನಿಖೆಗೆ ಜಂಟಿ ಸಂಸದೀಯ ಸಮಿತಿ ರಚಿಸಬೇಕೆಂದು ವಿರೋಧ ಪಕ್ಷಗಳೂ, ಲಂಡನ್‌ನಲ್ಲಿ ಆಡಿದ ಮಾತಿಗೆ ರಾಹುಲ್ ಗಾಂಧಿ ಕ್ಷಮೆ ಕೇಳಬೇಕೆಂದು ಆಡಳಿತ ಪಕ್ಷವೂ ಪಟ್ಟು ಹಿಡಿದಿದ್ದರಿಂದ ಅಧಿವೇಶನದ ದ್ವಿತೀಯಾರ್ಧದ ಕಲಾಪ ಗದ್ದಲದಲ್ಲೇ ಕೊಚ್ಚಿಹೋಗಿತ್ತು. ಮರುದಿನ ಹಣಕಾಸು ಮಸೂದೆಯೂ ಹಾಗೆಯೇ ಅಂಗೀಕಾರವಾಯಿತು. ಅದರೊಂದಿಗೆ ಸರ್ಕಾರವೇ ಕೊನೆಯ ಗಳಿಗೆಯಲ್ಲಿ ತಂದ 64 ತಿದ್ದುಪಡಿಗಳೂ ಅಂಗೀಕಾರವಾದವು. ಸಾಲಪತ್ರಗಳಲ್ಲಿ ಹಣ ತೊಡಗಿಸುವ ಡೆಟ್ ಮ್ಯೂಚುವಲ್ ಫಂಡ್‌ಗಳಲ್ಲಿ ಹೂಡಿಕೆ ಮಾಡುವವರಿಗೆ ದೀರ್ಘಾವಧಿ ಲಾಭದ ಮೇಲೆ ಸಿಗುತ್ತಿದ್ದ ತೆರಿಗೆ ಅನುಕೂಲವನ್ನು ಏಪ್ರಿಲ್ 1ರಿಂದ ಕಿತ್ತುಹಾಕಿದ ತಿದ್ದುಪಡಿ ಅವುಗಳಲ್ಲೊಂದು. ಫೆಬ್ರುವರಿ 1ರ ಬಜೆಟ್ ಭಾಷಣದಲ್ಲಿ ಅದರ ಸುಳಿವೇ ಇರಲಿಲ್ಲ.

ಬಜೆಟ್ ಮಂಡನೆಯ ದಿನ ಟಿ.ವಿ. ಪರದೆಗಳ ಮೇಲೆ ನಡೆಯುವ ಆರೋಪ ಪ್ರತ್ಯಾರೋಪಗಳನ್ನು ನೋಡಿದವರಿಗೆ ಇದು ಸೋಜಿಗವೆನಿಸಬಹುದು. ಒಂದೊಂದು ರೂಪಾಯಿಗೂ ಕಾದಾಡುವಂತೆ ಕಾಣುವ ಪಕ್ಷಗಳು ಮತ ಹಾಕಬೇಕಾದ ದಿನ ಹಣದ ವಿಷಯವನ್ನೇ ಎತ್ತದಿರಲು ಕಾರಣವಿದೆ. ಬಜೆಟ್‌ನ ಅಂಕಿಗಳನ್ನು ಬದಲಿಸುವ ಶಕ್ತಿ ಪಕ್ಷಗಳಿಗೆ ಸಿಗುವುದು ಹೆಚ್ಚಾಗಿ ಸದನದ ಹೊರಗೆ, ಅದೂ ಮಂಡನೆಗೆ ಮುಂಚೆ ಮಿತ್ರಪಕ್ಷಗಳ ಮೂಲಕ ಅಥವಾ ಮಂಡನೆಯಾದ ಮೇಲೆ ಆಡಳಿತ ಪಕ್ಷದ ಸ್ವಂತ ಸದಸ್ಯರ ಅಸಮಾಧಾನದ ಮೂಲಕ. ಸದನದೊಳಗಿನ ಮತದಾನ ಬಹುತೇಕ ತಲೆ ಎಣಿಕೆಯಾಗಿ ಉಳಿದಿದೆ.

ಮೊದಲು ಕ್ರಮವನ್ನು ತಿಳಿಯೋಣ. ಸಂವಿಧಾನದ 112ನೇ ವಿಧಿಯ ಪ್ರಕಾರ ಸರ್ಕಾರವು ಪ್ರತಿ ವರ್ಷ ತನ್ನ ಅಂದಾಜು ಜಮಾ ಖರ್ಚಿನ ಪಟ್ಟಿಯನ್ನು ಸಂಸತ್ತಿನ ಮುಂದಿಡಬೇಕು. ಭಾಷಣ ಮುಗಿದು ಸಾಮಾನ್ಯ ಚರ್ಚೆಯಾದ ನಂತರ ಅಧಿವೇಶನಕ್ಕೆ ಬಿಡುವು ಕೊಟ್ಟು, ಇಲಾಖೆಗಳ ಬೇಡಿಕೆಗಳನ್ನು ಸ್ಥಾಯಿ ಸಮಿತಿಗಳು ಪರಿಶೀಲಿಸುತ್ತವೆ. 1993ರಿಂದ ಈ ವ್ಯವಸ್ಥೆ ನಡೆದುಬಂದಿದೆ. ಬಳಿಕ ಲೋಕಸಭೆ ಒಂದೊಂದೇ ಸಚಿವಾಲಯದ ಬೇಡಿಕೆಯನ್ನು ಮತಕ್ಕೆ ಹಾಕುತ್ತದೆ, ಸರ್ಕಾರದ ಆದಾಯ ಸೇರುವ ಸಂಚಿತ ನಿಧಿಯಿಂದ ಹಣ ತೆಗೆಯಲು ಧನವಿನಿಯೋಗ ಮಸೂದೆಗೆ ಒಪ್ಪಿಗೆ ಕೊಡುತ್ತದೆ, ಕೊನೆಗೆ ತೆರಿಗೆಗಳಿಗೆ ಸಂಬಂಧಿಸಿದ ಹಣಕಾಸು ಮಸೂದೆಯನ್ನು ಅಂಗೀಕರಿಸುತ್ತದೆ. ರಾಜ್ಯಸಭೆ ಬೇಡಿಕೆಗಳ ಮೇಲೆ ಮತ ಹಾಕುವಂತಿಲ್ಲ. ತೆರಿಗೆ, ಸರ್ಕಾರಿ ಖರ್ಚಿನಂತಹ ವಿಷಯಗಳಿಗಷ್ಟೇ ಸೀಮಿತವಾದ ಧನ ಮಸೂದೆಗಳ ವಿಷಯದಲ್ಲಿ ಶಿಫಾರಸು ಮಾಡಿ 14 ದಿನಗಳೊಳಗೆ ಹಿಂದಿರುಗಿಸಬಹುದು, ಅಷ್ಟೆ.

ಬೇಡಿಕೆಗಳ ಸಂಖ್ಯೆ ನೂರರ ಆಸುಪಾಸು. ಇಷ್ಟನ್ನೂ ಚರ್ಚಿಸಲು ಸಮಯವಿಲ್ಲವಾದ್ದರಿಂದ ಯಾವ ನಾಲ್ಕೈದು ಸಚಿವಾಲಯಗಳನ್ನು ಕೈಗೆತ್ತಿಕೊಳ್ಳಬೇಕೆಂಬುದನ್ನು ಎಲ್ಲ ಪಕ್ಷಗಳ ನಾಯಕರಿರುವ ಕಲಾಪ ಸಲಹಾ ಸಮಿತಿ ನಿರ್ಧರಿಸುತ್ತದೆ. ನಿಗದಿಯಾದ ದಿನ, ನಿಗದಿಯಾದ ಗಂಟೆಗೆ, ಉಳಿದೆಲ್ಲ ಬೇಡಿಕೆಗಳನ್ನು ಸ್ಪೀಕರ್ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಇದಕ್ಕೆ ಗಿಲೋಟಿನ್ ಎಂದು ಹೆಸರು. ಹೆಚ್ಚಿನ ವರ್ಷಗಳಲ್ಲಿ ಖರ್ಚಿನ ದೊಡ್ಡ ಪಾಲು ಹೀಗೆಯೇ ತೇರ್ಗಡೆಯಾಗುತ್ತದೆ. 2004, 2013 ಮತ್ತು 2018ರಲ್ಲಿ, ಆಮೇಲೆ 2023ರಲ್ಲಿ ನೂರಕ್ಕೆ ನೂರೂ ಹೀಗೆಯೇ ಆಯಿತು. ಈ ಪಟ್ಟಿಯಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರಗಳೂ ಬಿಜೆಪಿ ನೇತೃತ್ವದ ಸರ್ಕಾರಗಳೂ ಇರುವುದನ್ನು ಗಮನಿಸಬೇಕು. ಇದಲ್ಲದೆ ಸಾಲದ ಮೇಲಿನ ಬಡ್ಡಿಯಂತಹ ಕೆಲವು ಖರ್ಚುಗಳ ಮೇಲೆ ಮತದಾನವೇ ಇಲ್ಲ. 2025–26ರ ಬಜೆಟ್‌ನ ಒಟ್ಟು ಅಂದಾಜು ವೆಚ್ಚ 50.65 ಲಕ್ಷ ಕೋಟಿಯಾದರೆ ಬಡ್ಡಿಗೇ 12.76 ಲಕ್ಷ ಕೋಟಿ. ನಾಲ್ಕನೇ ಒಂದು ಭಾಗವನ್ನು ಯಾವ ಪಕ್ಷ ಬಂದರೂ ಮುಟ್ಟಲಾಗದು.

ಇನ್ನು ಮತದಾನದ ಮಾತು. ಬೇಡಿಕೆಯೊಂದು ಲೋಕಸಭೆಯಲ್ಲಿ ಬಿದ್ದುಹೋದರೆ ಸರ್ಕಾರಕ್ಕೆ ಸದನದ ವಿಶ್ವಾಸವಿಲ್ಲವೆಂದೇ ಅರ್ಥ ಎಂಬ ಸಂಪ್ರದಾಯವಿದೆ. ಹಾಗಾಗಿ ಆಡಳಿತ ಪಕ್ಷವು ತನ್ನ ಸದಸ್ಯರಿಗೆ ತಪ್ಪದೆ ವಿಪ್, ಅಂದರೆ ಹೀಗೆಯೇ ಮತ ಹಾಕಬೇಕೆಂಬ ಆದೇಶ, ಹೊರಡಿಸುತ್ತದೆ. 1985ರ ಪಕ್ಷಾಂತರ ನಿಷೇಧ ಕಾಯ್ದೆಯ ನಂತರ ವಿಪ್ ಉಲ್ಲಂಘಿಸಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. 2024ರ ಫೆಬ್ರುವರಿಯಲ್ಲಿ ಹಿಮಾಚಲ ಪ್ರದೇಶದ ವಿಧಾನಸಭೆಯಲ್ಲಿ ಬಜೆಟ್ ಮತದಾನದ ವೇಳೆ ವಿಪ್ ಪಾಲಿಸಲಿಲ್ಲವೆಂದು ಆರು ಮಂದಿ ಕಾಂಗ್ರೆಸ್ ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದ್ದು ಇದೇ ನಿಯಮದಡಿ. ತನ್ನ ಕ್ಷೇತ್ರದ ರೈತರಿಗೆ ಹೊರೆಯಾಗುವ ಒಂದು ತೆರಿಗೆಯನ್ನು ಆಡಳಿತ ಪಕ್ಷದ ಸಂಸದನೊಬ್ಬ ಮನಸಾರೆ ವಿರೋಧಿಸಿದರೂ ಅವನ ಬೆರಳು ‘ಹೌದು’ ಎಂಬ ಗುಂಡಿಯನ್ನೇ ಒತ್ತಬೇಕು.

ವಿರೋಧ ಪಕ್ಷಗಳ ಕೈಯಲ್ಲಿರುವ ಅಸ್ತ್ರವೆಂದರೆ ಕಡಿತ ನಿರ್ಣಯ. ಬೇಡಿಕೆಯ ಮೊತ್ತವನ್ನು ಒಂದು ರೂಪಾಯಿಗೆ ಇಳಿಸಬೇಕೆಂದು ಕೇಳಿದರೆ ಅದು ನೀತಿಯ ತಿರಸ್ಕಾರ. ಇಂತಿಷ್ಟು ಮೊತ್ತ ಕಡಿಮೆ ಮಾಡಬೇಕೆಂದರೆ ಅದು ಮಿತವ್ಯಯದ ಒತ್ತಾಯ. ಕೇವಲ 100 ರೂಪಾಯಿ ಕಡಿತ ಕೇಳಿದರೆ ನಿರ್ದಿಷ್ಟ ಕುಂದುಕೊರತೆಯೊಂದನ್ನು ದಾಖಲಿಸುವ ಉದ್ದೇಶ. ಮೂರರಲ್ಲಿ ಯಾವುದು ಗೆದ್ದರೂ ಸರ್ಕಾರ ಬೀಳುವ ಸ್ಥಿತಿಗೆ ಬರುತ್ತದೆ. ಆದ್ದರಿಂದಲೇ ಕಡಿತ ನಿರ್ಣಯದ ದಿನ ಪಕ್ಷಗಳು ನಡೆದುಕೊಳ್ಳುವ ರೀತಿಗೂ ನಿರ್ಣಯದಲ್ಲಿರುವ ವಿಷಯಕ್ಕೂ ಸಂಬಂಧವೇ ಇರುವುದಿಲ್ಲ. 2010ರ ಏಪ್ರಿಲ್ 27 ಇದಕ್ಕೆ ಒಳ್ಳೆಯ ನಿದರ್ಶನ.

ಆ ವರ್ಷದ ಫೆಬ್ರುವರಿ 26ರಂದು ಆಗಿನ ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಮಂಡಿಸಿದ ಬಜೆಟ್‌ನಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಮೇಲಿನ ಅಬಕಾರಿ ಸುಂಕವನ್ನು ಲೀಟರಿಗೆ ಒಂದು ರೂಪಾಯಿ ಏರಿಸಲಾಗಿತ್ತು. ಭಾಷಣದ ನಡುವೆಯೇ ವಿರೋಧ ಪಕ್ಷಗಳು ಸಭಾತ್ಯಾಗ ಮಾಡಿದ್ದವು. ಬಜೆಟ್ ಓದುತ್ತಿರುವಾಗ ಹಾಗೆ ಎದ್ದು ಹೋದದ್ದು ಅಲ್ಲಿಯವರೆಗೆ ಕೇಳರಿಯದ ಸಂಗತಿ. ಎರಡು ತಿಂಗಳ ನಂತರ ಇಂಧನ ಮತ್ತು ರಸಗೊಬ್ಬರ ಬೆಲೆ ಏರಿಕೆಯ ವಿರುದ್ಧ ಬಿಜೆಪಿಯೂ ಎಡಪಕ್ಷಗಳೂ ಕಡಿತ ನಿರ್ಣಯಗಳನ್ನು ತಂದವು. ಅದೇ ದಿನ ಬೆಲೆ ಏರಿಕೆ ವಿರೋಧಿಸಿ ಎಡಪಕ್ಷಗಳು, ಸಮಾಜವಾದಿ ಪಕ್ಷ, ರಾಷ್ಟ್ರೀಯ ಜನತಾ ದಳ ಸೇರಿದಂತೆ 13 ಪಕ್ಷಗಳು ದೇಶದಾದ್ಯಂತ ಬಂದ್‌ಗೆ ಕರೆ ಕೊಟ್ಟಿದ್ದವು. ಬೆಳಿಗ್ಗೆ ಬೀದಿಯಲ್ಲಿ ಬಂದ್ ನಡೆಸಿದ ಮುಲಾಯಂ ಸಿಂಗ್ ಮತ್ತು ಲಾಲು ಪ್ರಸಾದ್ ಅವರ ಪಕ್ಷಗಳು ಸಂಜೆ ಮತ ಹಾಕದೆ ಸದನದಿಂದ ಹೊರನಡೆದವು. ಸರ್ಕಾರದ ನೀತಿಯನ್ನು ಟೀಕಿಸುತ್ತಲೇ ಮಾಯಾವತಿಯವರ ಬಿಎಸ್‌ಪಿ ಸರ್ಕಾರದ ಪರ ಮತ ಹಾಕಿತು. ನಿರ್ಣಯಗಳು 201–289 ಮತಗಳಿಂದ ಸೋತವು. ಸಿಬಿಐ ತನಿಖೆಗಳ ಭಯ ತೋರಿಸಿ ಬೆಂಬಲ ಗಿಟ್ಟಿಸಿಕೊಳ್ಳಲಾಯಿತೆಂದು ಬಿಜೆಪಿ ದೂರಿತು, ಕಾಂಗ್ರೆಸ್ ಅದನ್ನು ತಳ್ಳಿಹಾಕಿತು.

ಆ ದಿನದ ಅತ್ಯಂತ ವಿಚಿತ್ರ ಮತ ಶಿಬು ಸೊರೇನ್ ಅವರದು. ಅವರು ಆಗ ಬಿಜೆಪಿಯ ಬೆಂಬಲದಿಂದ ಜಾರ್ಖಂಡ್‌ನ ಮುಖ್ಯಮಂತ್ರಿಯಾಗಿದ್ದರು, ಜೊತೆಗೆ ಲೋಕಸಭಾ ಸದಸ್ಯರೂ ಆಗಿದ್ದರು. ದೆಹಲಿಗೆ ಬಂದು ಅವರು ಮತ ಹಾಕಿದ್ದು ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರದ ಪರ, ಅಂದರೆ ತಮ್ಮ ಕುರ್ಚಿಗೆ ಆಸರೆಯಾಗಿದ್ದ ಬಿಜೆಪಿಯ ನಿರ್ಣಯದ ವಿರುದ್ಧ. ಮರುದಿನವೇ ಬಿಜೆಪಿ ಬೆಂಬಲ ಹಿಂಪಡೆಯುವುದಾಗಿ ಘೋಷಿಸಿತು. ಒಂದು ತಿಂಗಳ ಹಗ್ಗಜಗ್ಗಾಟದ ನಂತರ, ಮೇ ಕೊನೆಯಲ್ಲಿ, ಸೊರೇನ್ ರಾಜೀನಾಮೆ ಕೊಟ್ಟರು. ಬಜೆಟ್ ಮತದಾನದಿಂದ ಪೆಟ್ರೋಲ್ ಬೆಲೆಯಲ್ಲಿ ಒಂದು ಪೈಸೆಯೂ ಇಳಿಯಲಿಲ್ಲ. ಉರುಳಿದ್ದು ರಾಂಚಿಯ ಸರ್ಕಾರ.

ಹಾಗಾದರೆ ಬಜೆಟ್‌ನ ಮೇಲೆ ನಿಜವಾದ ಪ್ರಭಾವ ಬೀರುವವರು ಯಾರು ಎಂಬ ಪ್ರಶ್ನೆಗೆ ತೆಲುಗುದೇಶಂ ಪಕ್ಷದ ಎರಡು ಅನುಭವಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಹೊಳೆಯುತ್ತದೆ. 2014ರ ಲೋಕಸಭಾ ಚುನಾವಣೆಯಲ್ಲಿ ಆ ಪಕ್ಷ ಗೆದ್ದದ್ದು 16 ಸ್ಥಾನ. ಆಗ ಬಿಜೆಪಿಗೆ ಸ್ವಂತ ಬಲದಲ್ಲೇ 282 ಸ್ಥಾನಗಳಿದ್ದವು. ಆಂಧ್ರಪ್ರದೇಶಕ್ಕೆ ವಿಶೇಷ ಸ್ಥಾನಮಾನ ಬೇಕೆಂಬ ಒತ್ತಾಯಕ್ಕೆ 2018ರ ಬಜೆಟ್ ಕಿವಿಗೊಡದಿದ್ದಾಗ ಚಂದ್ರಬಾಬು ನಾಯ್ಡು ತಮ್ಮ ಸಚಿವರನ್ನು ಹಿಂದಕ್ಕೆ ಕರೆಸಿಕೊಂಡು ಎನ್‌ಡಿಎ ತೊರೆದರು. ಸರ್ಕಾರ ಅಲುಗಾಡಲಿಲ್ಲ. 2024ರಲ್ಲಿಯೂ ಆ ಪಕ್ಷ ಗೆದ್ದದ್ದು 16 ಸ್ಥಾನವನ್ನೇ. ಆದರೆ ಈ ಸಲ ಬಿಜೆಪಿಯ ಬಲ 240ಕ್ಕೆ ಇಳಿದಿತ್ತು. ಜುಲೈ 23ರಂದು ನಿರ್ಮಲಾ ಸೀತಾರಾಮನ್ ಮಂಡಿಸಿದ ಬಜೆಟ್‌ನಲ್ಲಿ ರಾಜಧಾನಿ ಅಮರಾವತಿಗೆ 15,000 ಕೋಟಿ ರೂಪಾಯಿಯ ವ್ಯವಸ್ಥೆ ಮಾಡಿಕೊಡುವ ಭರವಸೆ ಬಂತು. 12 ಸ್ಥಾನಗಳ ಜೆಡಿಯುವಿನ ಬಿಹಾರಕ್ಕೆ ರಸ್ತೆ ಯೋಜನೆಗಳಿಗಾಗಿ 26,000 ಕೋಟಿ, ಪ್ರವಾಹ ನಿಯಂತ್ರಣಕ್ಕೆ 11,500 ಕೋಟಿ ಎಂಬ ಅಂಕಿಗಳು ಭಾಷಣದಲ್ಲಿ ಕಾಣಿಸಿಕೊಂಡವು. ಅಮರಾವತಿಯ ಹಣ ವಿಶ್ವ ಬ್ಯಾಂಕಿನಂತಹ ಬಹುಪಕ್ಷೀಯ ಅಭಿವೃದ್ಧಿ ಸಂಸ್ಥೆಗಳ ಮೂಲಕ ಬರುವಂಥದ್ದು ಎಂಬ ವಿವರ ಘೋಷಣೆಯ ಸದ್ದಿನಲ್ಲಿ ಹಲವರ ಕಿವಿಗೆ ಬೀಳಲೇ ಇಲ್ಲ.

ರಾಹುಲ್ ಗಾಂಧಿ ಇದನ್ನು ಕುರ್ಚಿ ಉಳಿಸಿಕೊಳ್ಳುವ ಬಜೆಟ್ ಎಂದು ಕರೆದರು. ಭಾಷಣದಲ್ಲಿ ಪ್ರತಿಯೊಂದು ರಾಜ್ಯದ ಹೆಸರು ಹೇಳುವುದು ಸಾಧ್ಯವಿಲ್ಲ, ಹೆಸರಿಲ್ಲದ ಮಾತ್ರಕ್ಕೆ ಹಣವಿಲ್ಲವೆಂದಲ್ಲ ಎಂದು ಸೀತಾರಾಮನ್ ರಾಜ್ಯಸಭೆಯಲ್ಲಿ ಉತ್ತರಿಸಿದರು. ಇಬ್ಬರ ಮಾತಿನಲ್ಲೂ ಹುರುಳಿದೆ. ಕೇಂದ್ರದ ಸಾಮಾನ್ಯ ಯೋಜನೆಗಳ ಹಣ ಎಲ್ಲ ರಾಜ್ಯಗಳಿಗೂ ಹೋಗುತ್ತದೆ ಎಂಬುದು ನಿಜ. ಭಾಷಣದಲ್ಲಿ ಯಾವ ರಾಜ್ಯದ ಹೆಸರು ಎಷ್ಟು ಸಲ ಬರುತ್ತದೆ ಎಂಬುದನ್ನು ಸಂಸತ್ತಿನ ಬಲಾಬಲ ನಿರ್ಧರಿಸುತ್ತದೆ ಎಂಬುದೂ ನಿಜ. ಈ ಅಸಮಾಧಾನದಿಂದಲೇ ಸಿದ್ದರಾಮಯ್ಯನವರೂ ಸೇರಿದಂತೆ ಹಲವು ವಿರೋಧ ಪಕ್ಷಗಳ ಮುಖ್ಯಮಂತ್ರಿಗಳು ಆ ಜುಲೈ 27ರ ನೀತಿ ಆಯೋಗದ ಸಭೆಗೆ ಹೋಗಲಿಲ್ಲ.

ಮಂಡನೆಯಾದ ಮೇಲೆ ಬಜೆಟ್ ಬದಲಾಗುವ ಸಂದರ್ಭಗಳಲ್ಲಿ ವಿರೋಧ ಪಕ್ಷಕ್ಕಿಂತ ಸ್ವಪಕ್ಷದ ಕೈ ಮೇಲಾಗಿರುತ್ತದೆ. 1991ರ ಜುಲೈ 24ರಂದು ಆಗ ಹಣಕಾಸು ಸಚಿವರಾಗಿದ್ದ ಮನಮೋಹನ್ ಸಿಂಗ್ ರಸಗೊಬ್ಬರದ ಬೆಲೆಯನ್ನು ಶೇ 40ರಷ್ಟು ಏರಿಸಿದಾಗ ಹೆಚ್ಚು ಸಿಡಿಮಿಡಿಗೊಂಡವರು ಕಾಂಗ್ರೆಸ್ ಸಂಸದರೇ. ಎರಡು ವಾರಗಳಲ್ಲಿ ಏರಿಕೆ ಶೇ 30ಕ್ಕೆ ಇಳಿಯಿತು, ಸಣ್ಣ ಮತ್ತು ಅತಿಸಣ್ಣ ರೈತರಿಗೆ ವಿನಾಯಿತಿ ಸಿಕ್ಕಿತು. 2016ರಲ್ಲಿ ಭವಿಷ್ಯ ನಿಧಿಯ ಹಣ ಹಿಂಪಡೆಯುವಾಗ ಶೇ 60ರಷ್ಟು ಭಾಗಕ್ಕೆ ತೆರಿಗೆ ಹಾಕುವ ಪ್ರಸ್ತಾವವನ್ನು ಅರುಣ್ ಜೇಟ್ಲಿ ಎಂಟೇ ದಿನಗಳಲ್ಲಿ ವಾಪಸ್ ಪಡೆದದ್ದು ಸಂಬಳದಾರರ ಸಿಟ್ಟಿಗೆ ಮಣಿದು. ಎಲ್ಲಕ್ಕಿಂತ ನಾಟಕೀಯವಾದದ್ದು 2012ರ ರೈಲ್ವೆ ಬಜೆಟ್. ಆಗಿನ್ನೂ ಅದು ಪ್ರತ್ಯೇಕವಾಗಿ ಮಂಡನೆಯಾಗುತ್ತಿತ್ತು. ಮಾರ್ಚ್ 14ರಂದು ತೃಣಮೂಲ ಕಾಂಗ್ರೆಸ್ಸಿನ ಸಚಿವ ದಿನೇಶ್ ತ್ರಿವೇದಿ ಪ್ರಯಾಣ ದರವನ್ನು ಕಿಲೋಮೀಟರಿಗೆ 2ರಿಂದ 30 ಪೈಸೆಯವರೆಗೆ ಏರಿಸಿದರು. ಅಂದು ರಾತ್ರಿಯೇ ಅವರ ಪಕ್ಷದ ನಾಯಕಿ ಮಮತಾ ಬ್ಯಾನರ್ಜಿ, ಸಚಿವರನ್ನು ಬದಲಿಸಬೇಕೆಂದು ಪ್ರಧಾನಿಗೆ ಪತ್ರ ಬರೆದರು. 18ರಂದು ತ್ರಿವೇದಿ ರಾಜೀನಾಮೆ ಕೊಟ್ಟರು, 20ರಂದು ಮುಕುಲ್ ರಾಯ್ ಪ್ರಮಾಣವಚನ ಸ್ವೀಕರಿಸಿದರು, 22ರಂದು ಮೇಲ್ದರ್ಜೆಗಳನ್ನು ಬಿಟ್ಟು ಉಳಿದ ಏರಿಕೆ ರದ್ದಾಯಿತು. ಸದನದ ಮುಂದಿದ್ದ ಬಜೆಟ್‌ನ ಮುಖ್ಯ ಪ್ರಸ್ತಾವ ಎಂಟೇ ದಿನಗಳಲ್ಲಿ, ಒಂದೂ ಮತ ಚಲಾವಣೆಯಾಗದೆ, ತಲೆಕೆಳಗಾಯಿತು.

ರಾಜ್ಯಸಭೆಯಲ್ಲಿ ಬಹುಮತವಿಲ್ಲದ ಸರ್ಕಾರಕ್ಕೆ ಹಣಕಾಸು ಮಸೂದೆ ಇನ್ನೊಂದು ರೀತಿಯಲ್ಲಿ ಅನುಕೂಲಕರ. 110ನೇ ವಿಧಿಯ ಪ್ರಕಾರ ಯಾವುದು ಧನ ಮಸೂದೆ ಎಂದು ಪ್ರಮಾಣೀಕರಿಸುವವರು ಲೋಕಸಭೆಯ ಸ್ಪೀಕರ್. 2017ರ ಹಣಕಾಸು ಮಸೂದೆಯಲ್ಲಿ ತೆರಿಗೆಗಳ ಜೊತೆಗೆ ಚುನಾವಣಾ ಬಾಂಡ್‌ಗಳಿಗೆ ದಾರಿ ಮಾಡಿಕೊಡುವ ತಿದ್ದುಪಡಿಗಳು, ಕಂಪನಿಗಳು ಪಕ್ಷಗಳಿಗೆ ಕೊಡಬಹುದಾದ ದೇಣಿಗೆಗೆ ಇದ್ದ ಶೇ 7.5ರ ಮಿತಿಯನ್ನು ತೆಗೆದುಹಾಕುವ ಅಂಶ, ನ್ಯಾಯಮಂಡಳಿಗಳ ವಿಲೀನ, ಎಲ್ಲವೂ ಸೇರಿಕೊಂಡಿದ್ದವು. ರಾಜ್ಯಸಭೆ ಮಾರ್ಚ್ 29ರಂದು ಐದು ತಿದ್ದುಪಡಿಗಳನ್ನು ಅಂಗೀಕರಿಸಿ ಕಳುಹಿಸಿತು. ಲೋಕಸಭೆ ಮರುದಿನವೇ ಐದನ್ನೂ ತಿರಸ್ಕರಿಸಿತು. ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ ಅಸಾಂವಿಧಾನಿಕವೆಂದು ರದ್ದುಪಡಿಸಿದ್ದು 2024ರ ಫೆಬ್ರುವರಿ 15ರಂದು. ಅಷ್ಟರೊಳಗೆ ಏಳು ವರ್ಷಗಳು ಕಳೆದಿದ್ದವು.

ಇಲ್ಲಿ ವಿರೋಧ ಪಕ್ಷಗಳನ್ನು ಕೇವಲ ಬಲಿಪಶುಗಳೆಂದು ಭಾವಿಸುವುದು ಸರಿಯಲ್ಲ. 2018ರ ಮಾರ್ಚ್ ಮೊದಲ ಎರಡು ವಾರ ಲೋಕಸಭೆಯಲ್ಲಿ ನಡೆದದ್ದನ್ನೇ ನೋಡಿ. ಪಂಜಾಬ್ ನ್ಯಾಷನಲ್ ಬ್ಯಾಂಕ್ ವಂಚನೆಯ ವಿಷಯಕ್ಕೆ ಕಾಂಗ್ರೆಸ್, ವಿಶೇಷ ಸ್ಥಾನಮಾನಕ್ಕೆ ಆಂಧ್ರದ ಎರಡು ಪಕ್ಷಗಳು, ಕಾವೇರಿ ನಿರ್ವಹಣಾ ಮಂಡಳಿ ರಚನೆಗೆ ಅಣ್ಣಾಡಿಎಂಕೆ, ಹೀಗೆ ಒಬ್ಬೊಬ್ಬರು ಒಂದೊಂದು ಫಲಕ ಹಿಡಿದು ಸ್ಪೀಕರ್ ಪೀಠದ ಮುಂದೆ ನಿಂತಿದ್ದರು. ಆ ಗದ್ದಲದಲ್ಲೇ ಬೇಡಿಕೆಗಳೂ ಹಣಕಾಸು ಮಸೂದೆಯೂ ಚರ್ಚೆಯಿಲ್ಲದೆ ದಾಟಿಹೋದವು. ಆ ಮಸೂದೆಯೊಳಗೆ ವಿದೇಶಿ ದೇಣಿಗೆ ನಿಯಂತ್ರಣ ಕಾನೂನಿಗೆ ಸಂಬಂಧಿಸಿದ ಒಂದು ಸಣ್ಣ ತಿದ್ದುಪಡಿ ಇತ್ತು. ವಿದೇಶಿ ಮೂಲ ಎಂದರೇನು ಎಂಬ ವ್ಯಾಖ್ಯೆಯ ಸಡಿಲಿಕೆಯನ್ನು ಅದು 1976ರ ಆಗಸ್ಟ್ 5ರಿಂದಲೇ, ಅಂದರೆ 42 ವರ್ಷ ಹಿಂದಕ್ಕೆ ಹೋಗಿ, ಅನ್ವಯವಾಗುವಂತೆ ಮಾಡಿತು. ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ಪಕ್ಷಗಳು ಈ ಕಾನೂನನ್ನು ಉಲ್ಲಂಘಿಸಿ ದೇಣಿಗೆ ಪಡೆದಿವೆ ಎಂದು ದೆಹಲಿ ಹೈಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿತ್ತು. ತಿದ್ದುಪಡಿಯಿಂದ ಯಾರಿಗೆ ಅನುಕೂಲವಾಯಿತೆಂದು ಬಿಡಿಸಿ ಹೇಳಬೇಕಿಲ್ಲ. ಗದ್ದಲದಿಂದ ಸರ್ಕಾರಕ್ಕೆ ಮುಜುಗರವಾಗುತ್ತದೆ ಎಂದು ವಿರೋಧ ಪಕ್ಷಗಳು ನಂಬಿವೆ. ಪ್ರಶ್ನೆಗಳಿಗೆ ಉತ್ತರ ಹೇಳುವ ಕಷ್ಟ ತಪ್ಪುತ್ತದೆ ಎಂಬುದು ಸರ್ಕಾರಕ್ಕೆ ಗೊತ್ತಿದೆ.

ಕ್ಯಾಲೆಂಡರ್ ಕೂಡ ಪಕ್ಷ ರಾಜಕಾರಣದ ಹೊರಗಿಲ್ಲ. ಐದು ರಾಜ್ಯಗಳ ಚುನಾವಣೆಯ ಕಾರಣಕ್ಕೆ 2012ರ ಬಜೆಟ್ ಮಾರ್ಚ್ 16ಕ್ಕೆ ಮುಂದೂಡಲ್ಪಟ್ಟಿತ್ತು. 2017ರಲ್ಲಿ ಮಂಡನೆಯ ದಿನವನ್ನು ಮುಂಚಿತವಾಗಿ ಫೆಬ್ರುವರಿ 1ಕ್ಕೆ ತಂದಾಗ ಮತ್ತೆ ಐದು ರಾಜ್ಯಗಳ ಚುನಾವಣೆ ಎದುರಿಗಿತ್ತು. ವಿರೋಧ ಪಕ್ಷಗಳು ಚುನಾವಣಾ ಆಯೋಗದ ಮೊರೆಹೋದವು, ಆಯೋಗವು ಮಂಡನೆಗೆ ಅವಕಾಶ ಕೊಟ್ಟು ಆ ಐದು ರಾಜ್ಯಗಳಿಗೆಂದೇ ಯಾವ ಯೋಜನೆಯನ್ನೂ ಘೋಷಿಸಬಾರದೆಂದು ನಿರ್ಬಂಧ ವಿಧಿಸಿತು. ಸಾರ್ವತ್ರಿಕ ಚುನಾವಣೆಯ ವರ್ಷ ಹೊಸ ಸರ್ಕಾರ ಬರುವವರೆಗಿನ ಖರ್ಚಿಗೆ ಲೇಖಾನುದಾನ ಪಡೆದುಕೊಳ್ಳುವುದು ವಾಡಿಕೆಯಾದರೂ, 2019ರ ಮಧ್ಯಂತರ ಬಜೆಟ್‌ನಲ್ಲಿ ರೈತರಿಗೆ ವರ್ಷಕ್ಕೆ 6,000 ರೂಪಾಯಿ ಕೊಡುವ ಯೋಜನೆಯನ್ನು 2018ರ ಡಿಸೆಂಬರ್‌ನಿಂದಲೇ ಪೂರ್ವಾನ್ವಯವಾಗಿ ಜಾರಿಗೊಳಿಸಲಾಯಿತು.

ಸರ್ಕಾರವೇ ಬೀಳುವಾಗ ಪಕ್ಷಗಳು ಬಜೆಟ್ ವಿಷಯದಲ್ಲಿ ಒಂದಾಗುವುದೂ ಉಂಟು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದೇ ಮತದಿಂದ ವಿಶ್ವಾಸಮತ ಕಳೆದುಕೊಂಡ ಮೇಲೆ, ಸರ್ಕಾರಿ ಯಂತ್ರ ನಿಲ್ಲಬಾರದೆಂದು ಅದೇ ಸರ್ಕಾರದ ಬಜೆಟ್‌ಗೆ ಚರ್ಚೆಯಿಲ್ಲದೆ ಒಪ್ಪಿಗೆ ಕೊಡಲಾಯಿತು.

ಕರ್ನಾಟಕದಲ್ಲಿ ಈ ಜಗಳ ಬಿಸಿಯೇರಿರುವುದು ತೆರಿಗೆ ಪಾಲಿನ ಹೆಸರಿನಲ್ಲಿ. 2024ರ ಫೆಬ್ರುವರಿ 7ರಂದು ಸಿದ್ದರಾಮಯ್ಯನವರ ಸಚಿವ ಸಂಪುಟ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿತು. ಲೋಕಸಭಾ ಚುನಾವಣೆಯ ಹೊತ್ತಿಗೆ ಕಾಂಗ್ರೆಸ್ ಖಾಲಿ ಚೊಂಬಿನ ಜಾಹೀರಾತು ಕೊಟ್ಟಿತು. ಅದಕ್ಕೂ ಮೊದಲು ಫೆಬ್ರುವರಿ 16ರಂದು ಬೆಂಗಳೂರಿನಲ್ಲಿ ರಾಜ್ಯ ಬಜೆಟ್ ಭಾಷಣದಲ್ಲಿ ಸಿದ್ದರಾಮಯ್ಯ ಕೇಂದ್ರವನ್ನು ದೂರಿದಾಗ ಬಿಜೆಪಿ ಶಾಸಕರು ಸಭಾತ್ಯಾಗ ಮಾಡಿದರು. ಈ ವಾದದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಇಳಿದದ್ದು, ಹಂಚಿಕೆಯನ್ನು ಶಿಫಾರಸು ಮಾಡುವ 15ನೇ ಹಣಕಾಸು ಆಯೋಗದ ಸೂತ್ರದಿಂದ. ಕೇಂದ್ರ ಬಜೆಟ್ ಅದನ್ನು ಜಾರಿಗೆ ತರುತ್ತದೆಯೇ ಹೊರತು ನಿರ್ಧರಿಸುವುದಿಲ್ಲ. ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಿಲ್ಲದ ಹೆಚ್ಚುವರಿ ತೆರಿಗೆಗಳಾದ ಸೆಸ್ ಮತ್ತು ಸರ್ಚಾರ್ಜ್‌ಗಳನ್ನು ಎಷ್ಟು ವಿಧಿಸಬೇಕೆಂಬುದು ಮಾತ್ರ ಪೂರ್ತಿಯಾಗಿ ಕೇಂದ್ರದ ತೀರ್ಮಾನ. ಆಯೋಗ ತನ್ನ ಮಧ್ಯಂತರ ವರದಿಯಲ್ಲಿ ಕರ್ನಾಟಕಕ್ಕೆ ಶಿಫಾರಸು ಮಾಡಿದ್ದ 5,495 ಕೋಟಿ ರೂಪಾಯಿಯ ವಿಶೇಷ ಅನುದಾನವನ್ನು ಕೊಡಲಿಲ್ಲ ಎಂಬ ದೂರಿಗೆ, ಅಂತಿಮ ವರದಿಯಲ್ಲಿ ಆ ಶಿಫಾರಸು ಇರಲಿಲ್ಲ ಎಂಬುದು ಸೀತಾರಾಮನ್ ಅವರ ಉತ್ತರ. ಅಂದಹಾಗೆ ಅವರು ರಾಜ್ಯಸಭೆಯಲ್ಲಿರುವುದು ಕರ್ನಾಟಕದ ಪ್ರತಿನಿಧಿಯಾಗಿಯೇ.

ಭಾಷಣಕ್ಕೂ ಹಣಕ್ಕೂ ಇರುವ ಅಂತರ ನಮಗೆ ಚೆನ್ನಾಗಿ ಮನವರಿಕೆಯಾಗಿರುವುದು ಭದ್ರಾ ಮೇಲ್ದಂಡೆ ಯೋಜನೆಯಲ್ಲಿ. 2023ರ ಫೆಬ್ರುವರಿ 1ರಂದು, ವಿಧಾನಸಭಾ ಚುನಾವಣೆಗೆ ಮೂರು ತಿಂಗಳಿರುವಾಗ, ಮಧ್ಯ ಕರ್ನಾಟಕದ ಬರಪೀಡಿತ ಪ್ರದೇಶದ ಸೂಕ್ಷ್ಮ ನೀರಾವರಿಗೆ ಮತ್ತು ಕೆರೆ ತುಂಬಿಸಲು 5,300 ಕೋಟಿ ರೂಪಾಯಿ ಕೇಂದ್ರ ನೆರವು ಕೊಡುವುದಾಗಿ ಬಜೆಟ್ ಭಾಷಣದಲ್ಲಿ ಘೋಷಿಸಲಾಯಿತು. ಆಗ ರಾಜ್ಯದಲ್ಲಿದ್ದ ಬಿಜೆಪಿ ಸರ್ಕಾರ ಅದನ್ನು ತನ್ನ ಸಾಧನೆಯೆಂದು ಹೇಳಿಕೊಂಡಿತು. ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಸರ್ಕಾರ ಆ ಹಣ ಬಂದಿಲ್ಲವೆಂದು ಪ್ರತಿ ಬಜೆಟ್ ಋತುವಿನಲ್ಲೂ ದೂರುತ್ತಾ ಬಂದಿದೆ. ಸಂಸತ್ತು ಮತ ಹಾಕುವುದು ಬೇಡಿಕೆಗಳ ಮೇಲೆ, ಭಾಷಣದ ಮೇಲಲ್ಲ. ಘೋಷಣೆಯಾದ ಮೊತ್ತ ಬೇಡಿಕೆಯ ಪಟ್ಟಿಗೆ ಬಂದು, ಸಚಿವ ಸಂಪುಟದ ಅನುಮೋದನೆ ಪಡೆದು, ಇಲಾಖೆಯಿಂದ ಬಿಡುಗಡೆಯಾಗುವವರೆಗೆ ಪ್ರತಿ ಹಂತದಲ್ಲೂ ತಡೆಗಳಿರುತ್ತವೆ. ಆ ತಡೆಗಳನ್ನು ಸರಿಸುವಷ್ಟು ಸಂಸದರ ಬಲ ತನಗಿದೆ ಎಂದು ಚಂದ್ರಬಾಬು ನಾಯ್ಡು ಅವರಂತೆ ಹೇಳಬಲ್ಲ ಪಕ್ಷ ಸದ್ಯ ಕರ್ನಾಟಕದಲ್ಲಿ ಇಲ್ಲ.